ಕಾಗದ ಬರುವಷ್ಟರಲ್ಲಿ ಜಾಗ ಹೋಗಿತ್ತು: ಕೆನಡಾದ ಒಬ್ಬ ಲೆಫ್ಟ್ ಬ್ಯಾಕ್‌ನ ವೃತ್ತಿಜೀವನ

ಈ ಪ್ರಕರಣದ ಫುಟ್‌ಬಾಲ್ ಆಟಗಾರನನ್ನು ಡಿ. ಎಂದು ಕರೆಯೋಣ. ಆತ ಆಡಿದ ಕ್ಲಬ್‌ಗಳ ಹೆಸರನ್ನೂ ಪಂದ್ಯಗಳ ಲೆಕ್ಕವನ್ನೂ ಬೇಕೆಂದೇ ಬಿಟ್ಟಿದೆ. ಗುರುತು ಹತ್ತದಿರಲೆಂದು ಅದೇ ಪೀಳಿಗೆಯ ಬೇರೆ ಆಟಗಾರರ ಹಾದಿಯಿಂದಲೂ ಕೆಲವು ವಿವರ ಬೆರೆಸಿದೆ. ನಿಯಮಗಳು, ಅವುಗಳ ವರ್ಷಗಳು, ಮೊತ್ತಗಳು ಮಾತ್ರ ಆಯಾ ಕಾಲದಲ್ಲಿ ಇದ್ದಂಥವೇ.

ಹಿನ್ನೆಲೆ

ಡಿ. ಹುಟ್ಟಿದ್ದು 1980ರ ದಶಕದ ಮೊದಲ ಭಾಗದಲ್ಲಿ, ಟೊರಾಂಟೊದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ. ಎಡಗಾಲಿನ ವಿಂಗರ್, ಅಂದರೆ ಮೈದಾನದ ಅಂಚಿನಿಂದ ದಾಳಿ ಮಾಡುವವ. ಹನ್ನೆರಡಕ್ಕೆ ಊರಿನ ರೆಪ್ ತಂಡ (ಆಯ್ದ ಹುಡುಗರ ತಂಡ), ಹದಿನೈದಕ್ಕೆ ಒಂಟಾರಿಯೊ ಪ್ರಾಂತ್ಯದ ತಂಡ. ಅಲ್ಲಿಂದ ಮುಂದೆ ಹೋಗಲು ದೇಶದೊಳಗೆ ಮೆಟ್ಟಿಲೇ ಇರಲಿಲ್ಲ. 1987ರಲ್ಲಿ ಶುರುವಾಗಿದ್ದ ಕೆನಡಿಯನ್ ಸಾಕರ್ (ಅಲ್ಲಿ ಫುಟ್‌ಬಾಲ್‌ಗೆ ಇರುವ ಹೆಸರು) ಲೀಗ್ 1992ರ ಋತುವಿನೊಂದಿಗೆ ಮುಗಿದಿತ್ತು. ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್‌ನ ಕ್ಲಬ್‌ಗಳು ಅಮೆರಿಕದ ಎರಡನೇ ದರ್ಜೆಯ ಎ-ಲೀಗ್‌ನಲ್ಲಿ ಆಡುತ್ತಿದ್ದವು. ಆ ಋತು ವಸಂತದಲ್ಲಿ ಆರಂಭವಾಗಿ ಶರತ್ಕಾಲದಲ್ಲಿ ಮುಗಿಯುತ್ತಿತ್ತು. ಉಳಿದ ತಿಂಗಳು ಬಹುತೇಕರು ಬೇರೆ ಕೆಲಸ ಹುಡುಕಿಕೊಳ್ಳಬೇಕು.

ರಾಷ್ಟ್ರೀಯ ತಂಡದ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಮೂರೂ ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ ಮರಳಿದ ಕೆನಡಾ ಪುರುಷರ ತಂಡ ಮತ್ತೆ ವಿಶ್ವಕಪ್ ಆಡಿದ್ದು 2022ರಲ್ಲಿ. ನಡುವೆ 2000ದ ಗೋಲ್ಡ್ ಕಪ್ (ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಪಂದ್ಯಾವಳಿ) ಗೆದ್ದದ್ದೇ ದೊಡ್ಡ ಸಂಭ್ರಮ. ಡಿ.ಯ ಪೀಳಿಗೆ ಪೂರ್ತಿ ಈ 36 ವರ್ಷಗಳ ಒಳಗೇ ಆಡಿ ಮುಗಿಸಿತು. ವಿದೇಶಿ ಕ್ಲಬ್ಬಿನ ಮೇಜಿನ ಮೇಲೆ ಕೆನಡಾದ ಹುಡುಗನ ಹೆಸರು ಬಂದಾಗ ಅದರ ಹಿಂದೆ ದೇಶದ ಹೆಸರಿನ ತೂಕ ಇರುತ್ತಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಹದಿನೆಂಟರಲ್ಲಿ ಎರಡು ದಾರಿ

ಮೊದಲನೆಯದು ಅಮೆರಿಕದ ಕಾಲೇಜು. ಅಲ್ಲಿನ ಮೊದಲ ವಿಭಾಗದ ಪುರುಷರ ಸಾಕರ್ ತಂಡವೊಂದಕ್ಕೆ ಆಗ ಇದ್ದ ವಿದ್ಯಾರ್ಥಿವೇತನದ ಮಿತಿ 9.9. ಅಂದರೆ ಇಪ್ಪತ್ತೈದು ಹುಡುಗರ ತಂಡಕ್ಕೆ ಹತ್ತು ಪೂರ್ಣ ವೇತನವೂ ಇಲ್ಲ. ಇದ್ದದ್ದನ್ನೇ ಕೋಚ್ ಕತ್ತರಿಸಿ ಹಂಚಬೇಕು. ‘ಸ್ಕಾಲರ್‌ಶಿಪ್ ಸಿಕ್ಕಿದೆ’ ಎಂದು ಮನೆಗಳಲ್ಲಿ ಹೇಳಿಕೊಳ್ಳುವುದು ಸಾಮಾನ್ಯವಾಗಿ ಅರ್ಧವೋ ಕಾಲೋ ಭಾಗದ್ದು. ಡಿ.ಗೆ ಬಂದಿದ್ದೂ ಅಂಥದ್ದೇ. ಕಾಲೇಜಿನ ಋತು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮಾತ್ರ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದಾದ್ದರಿಂದ ಆಟದ ಲಯವೇ ಬೇರೆ. ನಾಲ್ಕು ವರ್ಷ ಮುಗಿಸಿ ಡ್ರಾಫ್ಟಿಗೆ (ವೃತ್ತಿಪರ ಕ್ಲಬ್‌ಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಬರುವಾಗ ವಯಸ್ಸು ಇಪ್ಪತ್ತೆರಡಾಗಿರುತ್ತದೆ. ಯುರೋಪಿನಲ್ಲಿ ಆ ವಯಸ್ಸಿನವನನ್ನು ಯಾರೂ ‘ಹುಡುಗ’ ಎನ್ನುವುದಿಲ್ಲ.

ಎರಡನೆಯದು ಸ್ಕಾಟ್ಲೆಂಡಿನ ಎರಡನೇ ದರ್ಜೆಯ ಕ್ಲಬ್ಬೊಂದರಲ್ಲಿ ಬೇಸಿಗೆಯ ಟ್ರಯಲ್. ವೃತ್ತಿಪರ ಕರಾರಿಗೆ ಒಮ್ಮೆ ಸಹಿ ಹಾಕಿದರೆ ಆಗ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ ಆಗುತ್ತಿತ್ತು.

ಡಿ. ಟ್ರಯಲ್ ಆರಿಸಿಕೊಂಡ. ಆಟದ ದೃಷ್ಟಿಯಿಂದ ಆ ಆಯ್ಕೆ ತಪ್ಪಲ್ಲ ಎಂದೇ ನಮ್ಮ ಅಭಿಪ್ರಾಯ. ಹೋದ ರೀತಿ ಮಾತ್ರ ಸರಿಯಿರಲಿಲ್ಲ.

ಕಾಗದದ ಮೊದಲ ಪೆಟ್ಟು

ಬ್ರಿಟನ್ನಿನಲ್ಲಿ ವಿದೇಶಿ ಆಟಗಾರನಿಗೆ ಆಗ ಇದ್ದ ಕೆಲಸದ ಪರವಾನಗಿಯ ಅಳತೆ ಕಠಿಣ. ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶ ಆಡಿದ ಸ್ಪರ್ಧಾತ್ಮಕ ಪಂದ್ಯಗಳ ಪೈಕಿ ಶೇ. 75ರಲ್ಲಿ ಆಡಿರಬೇಕು, ಆ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕು. ಹದಿನೆಂಟರ ಹುಡುಗನಿಗೆ ಮೊದಲನೆಯದು ಸಾಧ್ಯವಿಲ್ಲ, ಆ ದಶಕದ ಬಹುಪಾಲು ಅವಧಿಯಲ್ಲಿ ಕೆನಡಾಕ್ಕೆ ಎರಡನೆಯದೂ ಸುಲಭವಿರಲಿಲ್ಲ. (2014ರಲ್ಲಿ ಕೆನಡಾ 122ನೇ ಸ್ಥಾನದವರೆಗೂ ಇಳಿಯಿತು.)

ಡಿ.ಯ ತಂದೆಯ ತಾಯಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಕೆನಡಾ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಜ್ಜ-ಅಜ್ಜಿಯರಲ್ಲಿ ಒಬ್ಬರು ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ವಂಶಮೂಲದ ವೀಸಾಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕರೆ ಮೇಲಿನ ಅಳತೆಯ ಗೊಡವೆಯಿಲ್ಲ. ಅದಕ್ಕೆ ಅಜ್ಜಿಯ, ತಂದೆಯ, ತನ್ನ ಪೂರ್ಣ ಜನನ ಪ್ರಮಾಣಪತ್ರಗಳು ಬೇಕು, ಮದುವೆಯಿಂದ ಅಡ್ಡಹೆಸರು ಬದಲಾದ ಕಡೆಯೆಲ್ಲ ಮದುವೆಯ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿಯನ್ನು ಬ್ರಿಟನ್ನಿನ ಹೊರಗಿನಿಂದಲೇ ಹಾಕಬೇಕು.

ಈ ಕೊನೆಯ ಅಂಶ ಯಾರ ಗಮನಕ್ಕೂ ಬಂದಿರಲಿಲ್ಲ. ಜುಲೈನಲ್ಲಿ ಆತ ಸಂದರ್ಶಕನಾಗಿ ಹೋದ, ಚೆನ್ನಾಗಿ ಆಡಿದ, ಎರಡು ವರ್ಷದ ಕರಾರಿನ ಮಾತೂ ಬಂತು. ಆಮೇಲೆ ವಿಮಾನ ಹತ್ತಿ ಕೆನಡಾಕ್ಕೆ ಮರಳಿ, ಅಜ್ಜಿಯ ಪ್ರಮಾಣಪತ್ರಕ್ಕೆ ಸ್ಕಾಟ್ಲೆಂಡಿಗೇ ಪತ್ರ ಬರೆದು, ಅದು ಬಂದ ಮೇಲೆ ಅರ್ಜಿ ಹಾಕಿ ಕಾಯಬೇಕಾಯಿತು. ವೀಸಾ ಬಂದ ಮೇಲೆ ಕೆನಡಾದ ಫುಟ್‌ಬಾಲ್ ಸಂಸ್ಥೆಯಿಂದ ಸ್ಕಾಟ್ಲೆಂಡಿನ ಸಂಸ್ಥೆಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಹೋಗಬೇಕಿತ್ತು. ಅದಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಪಂದ್ಯವಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಸೆಪ್ಟೆಂಬರ್ ಕೊನೆ. ಎಡ ವಿಂಗ್‌ನ ಜಾಗಕ್ಕೆ ಕ್ಲಬ್ ಬೇರೊಬ್ಬನನ್ನು ಎರವಲು ತಂದಾಗಿತ್ತು. ಕರಾರು ಎರಡರ ಬದಲು ಒಂದು ವರ್ಷದ್ದಾಯಿತು, ಜಾಗ ಮೀಸಲು ತಂಡದಲ್ಲಿ.

ಅರ್ಹತೆ ಇದ್ದೂ ಕಾಗದ ಇಲ್ಲದಿರುವುದು ಅರ್ಹತೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಕಾಡುತ್ತದೆ. ವೀಸಾವನ್ನು ಮಾರ್ಚ್‌ನಲ್ಲೇ ಮಾಡಿಸಿಟ್ಟು ಜುಲೈನಲ್ಲಿ ಹೋಗಿದ್ದರೆ ಕ್ಲಬ್ಬಿಗೆ ಕಾಯುವ ಪ್ರಮೇಯವೇ ಇರುತ್ತಿರಲಿಲ್ಲ.

ವಿಂಗರ್ ಲೆಫ್ಟ್ ಬ್ಯಾಕ್ ಆದದ್ದು

ಇಡೀ ವೃತ್ತಿಜೀವನದಲ್ಲಿ ಅತ್ಯಂತ ಫಲ ಕೊಟ್ಟ ನಿರ್ಧಾರ ಇದು. ಮೀಸಲು ತಂಡದ ಕೋಚ್ ನವೆಂಬರ್‌ನಲ್ಲಿ ಆತನಿಗೆ ರಕ್ಷಣೆಯ ಎಡಬದಿಯಲ್ಲಿ, ಅಂದರೆ ಲೆಫ್ಟ್ ಬ್ಯಾಕ್ ಆಗಿ, ಆಡಲು ಹೇಳಿದರು. ಕಾರಣ ಸರಳ: ಕ್ಲಬ್ಬಿನಲ್ಲಿ ಎಡಗಾಲಿನ ಡಿಫೆಂಡರ್ ಒಬ್ಬನೇ ಇದ್ದ. ಎಡಗಾಲಿನವರು ಎಲ್ಲ ಕಡೆಯೂ ಕಡಿಮೆ, ಅದರಲ್ಲೂ ಹಿಂದೆ ಆಡಲು ಒಪ್ಪುವವರು ಇನ್ನೂ ಕಡಿಮೆ. ಗೋಲು ಹೊಡೆದು ಹೆಸರು ಮಾಡಿದ ಹುಡುಗರು ಇದನ್ನು ಹಿಂಬಡ್ತಿ ಎಂದುಕೊಂಡು ಮುಖ ಸಿಂಡರಿಸುತ್ತಾರೆ. ಡಿ. ಒಪ್ಪಿಕೊಂಡ.

ಬದಲಾಗಬೇಕಾದದ್ದು ಮುಖ್ಯವಾಗಿ ನಿಲ್ಲುವ ರೀತಿ. ವಿಂಗರ್ ಎದುರಾಳಿಯತ್ತ ನೇರ ಮುಖ ಮಾಡಿ ನಿಲ್ಲುತ್ತಾನೆ, ಬ್ಯಾಕ್ ಆದವನು ಓರೆಯಾಗಿ ನಿಲ್ಲಬೇಕು. ಒಂದು ಕಾಲು ಮುಂದೆ, ಮೊಣಕಾಲು ಬಾಗಿ, ಎದುರಾಳಿಯನ್ನು ಗೆರೆಯ ಕಡೆಗೆ ತಳ್ಳುವಂತೆ. ಮೊದಲ ಎರಡು ಹೆಜ್ಜೆ ಹಿಂದಕ್ಕೆ ಇಡಲು ಕಲಿಯಬೇಕು. ಚೆಂಡು ಬಲ ಅಂಚಿನಲ್ಲಿದ್ದಾಗ ಲೆಫ್ಟ್ ಬ್ಯಾಕ್ ತನ್ನ ಅಂಚು ಬಿಟ್ಟು ಪೆನಾಲ್ಟಿ ಚೌಕದ ಅಗಲದೊಳಗೆ ಸರಿಯಬೇಕು. ಹೊಸಬರು ಸೋಲುವುದು ಇಲ್ಲೇ: ಕಣ್ಣು ಚೆಂಡಿನ ಮೇಲಿರುತ್ತದೆ, ಬೆನ್ನ ಹಿಂದಿನಿಂದ ಎದುರಾಳಿ ವಿಂಗರ್ ದೂರದ ಕಂಬಕ್ಕೆ ಓಡಿ ಬಂದು ತಲೆಯಿಂದ ಹೊಡೆಯುತ್ತಾನೆ. ಡಿ.ಯ ಮೊದಲ ತಿಂಗಳುಗಳಲ್ಲಿ ತಂಡ ತಿಂದ ಗೋಲುಗಳಲ್ಲಿ ಹಲವು ಹೀಗೇ ಬಂದವು.

ಮದ್ದು ಸಾದಾ ಅಭ್ಯಾಸ. ತಂಡದ ತರಬೇತಿ ಮುಗಿದ ಮೇಲೆ ಇಪ್ಪತ್ತು ನಿಮಿಷ. ಬಲದಿಂದ ಒಬ್ಬ ಕ್ರಾಸ್ ಹಾಕುವುದು (ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಒದೆಯುವುದು), ಇನ್ನೊಬ್ಬ ಡಿ.ಯ ಹಿಂದಿನಿಂದ ಓಡಿ ಬರುವುದು. ಚೆಂಡು ಒದೆಯುವ ಮುನ್ನ ಡಿ. ಎರಡು ಸಲ ಭುಜದ ಮೇಲಿಂದ ಹಿಂದೆ ನೋಡಿದ್ದಾನೋ ಇಲ್ಲವೋ ಎಂಬುದನ್ನಷ್ಟೇ ಕೋಚ್ ಎಣಿಸುತ್ತಿದ್ದರು. ಚೆಂಡು ತಡೆದನೋ ಬಿಟ್ಟನೋ ಎಂಬುದು ಲೆಕ್ಕಕ್ಕಿಲ್ಲ. ಫಲಿತಾಂಶ ಬಿಟ್ಟು ರೂಢಿಯನ್ನು ಎಣಿಸುವ ಈ ಕ್ರಮದ ಬಗ್ಗೆ ತರಬೇತುದಾರರು ಗಮನ ಹರಿಸಬೇಕು. ಹುಡುಗ ಗೋಲು ತಿಂದಾಗ ಬೈದರೆ ಹೆದರುತ್ತಾನೆ, ನೋಡಲಿಲ್ಲ ಎಂದು ಹೇಳಿದರೆ ಮುಂದಿನ ಸಲ ನೋಡುತ್ತಾನೆ.

ವಿಂಗರ್ ಆಗಿದ್ದ ಕಾಲದ ಗುಣಗಳು ವ್ಯರ್ಥವಾಗಲಿಲ್ಲ. ಓಟದಲ್ಲೇ ಕ್ರಾಸ್ ಹಾಕುವ ಲೆಫ್ಟ್ ಬ್ಯಾಕ್ ಸಿಕ್ಕಿದ್ದು ಕ್ಲಬ್ಬಿಗೂ ಲಾಭವೇ. ಮುಂದಿನ ಋತುವಿನ ನಡುವೆ ಆತ ಮೊದಲ ತಂಡಕ್ಕೆ ಬಂದ, ಕರಾರು ಮತ್ತೆರಡು ವರ್ಷಕ್ಕೆ ಮುಂದುವರಿಯಿತು.

ಸಂಬಳ ನಿಂತಾಗ

ಆ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಹಲವು ಕ್ಲಬ್‌ಗಳು ಟಿವಿ ಹಣದ ನಿರೀಕ್ಷೆಯಲ್ಲಿ ಕೈಮೀರಿ ಸಂಬಳ ಒಪ್ಪಿಕೊಂಡಿದ್ದವು. 2002ರಲ್ಲಿ ಮದರ್‌ವೆಲ್, 2003ರಲ್ಲಿ ಡಂಡೀ, 2004ರಲ್ಲಿ ಲಿವಿಂಗ್‌ಸ್ಟನ್ ದಿವಾಳಿ ಆಡಳಿತಾಧಿಕಾರಿಯ ಕೈಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಸುದ್ದಿ. ಡಿ.ಯ ಕ್ಲಬ್ಬೂ ಅದೇ ಹಾದಿ ಹಿಡಿಯಿತು. ಮೊದಲು ಸಂಬಳ ಒಂದು ವಾರ ತಡ, ಆಮೇಲೆ ಅರ್ಧ, ಆಮೇಲೆ ಏನೂ ಇಲ್ಲ.

ಆಡಳಿತಾಧಿಕಾರಿ ಬಂದ ಮೇಲೆ ಆಟಗಾರರ ಕರಾರುಗಳನ್ನು ರದ್ದು ಮಾಡಬಹುದು. ಬಾಕಿ ಸಂಬಳದಲ್ಲಿ ಆದ್ಯತೆಯ ಸಾಲವೆಂದು ಕಾನೂನು ಪರಿಗಣಿಸುವುದು ಹಿಂದಿನ ನಾಲ್ಕು ತಿಂಗಳ ಪೈಕಿ ತಲೆಗೆ 800 ಪೌಂಡ್‌ವರೆಗೆ ಮಾತ್ರ. ಉಳಿದದ್ದಕ್ಕೆ ಕ್ಲಬ್ಬಿಗೆ ಸಾಲ ಕೊಟ್ಟ ಇತರರ ಸಾಲಿನಲ್ಲಿ ನಿಲ್ಲಬೇಕು. ಡಿ. ಮಾಡಿದ ಒಳ್ಳೆಯ ಕೆಲಸವೆಂದರೆ ಮೊದಲ ಸಂಬಳ ತಪ್ಪಿದ ವಾರವೇ ಆಟಗಾರರ ಸಂಘಕ್ಕೆ ಬರೆದು ತಿಳಿಸಿದ್ದು. ಕರಾರು, ಸಂಬಳ ಚೀಟಿ, ಬ್ಯಾಂಕ್ ಲೆಕ್ಕದ ಪ್ರತಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿಟ್ಟಿದ್ದ. ಬಾಯಿಮಾತಿನ ಭರವಸೆ ನಂಬಿ ಸುಮ್ಮನಿದ್ದ ಸಹ ಆಟಗಾರರು ಹಕ್ಕು ಸಾಧಿಸಲು ಹೆಚ್ಚು ಪರದಾಡಿದರು. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನಗಳ ನೋಟಿಸ್ ಕೊಟ್ಟು ಕರಾರು ಮುರಿಯಬಹುದೆಂಬ ಫಿಫಾ ನಿಯಮ ಬಂದದ್ದು 2018ರಲ್ಲಿ. ಡಿ.ಗೆ ಆ ಆಸರೆ ಇರಲಿಲ್ಲ. ಆತ ಅಲ್ಲೇ ಬೇರೊಂದು ಕ್ಲಬ್ಬಿಗೆ ವರ್ಗಾವಣೆ ಶುಲ್ಕವಿಲ್ಲದೆ ಹೋದ, ಕಡಿಮೆ ಸಂಬಳಕ್ಕೆ.

ರಾಷ್ಟ್ರೀಯ ತಂಡದ ಕರೆ ಬಂದದ್ದೂ ಇದೇ ಹೊತ್ತಿಗೆ. ಬುಧವಾರ ರಾತ್ರಿ ಮಧ್ಯ ಅಮೆರಿಕದ ಸೆಕೆಯಲ್ಲಿ ಪಂದ್ಯ, ಎರಡು ವಿಮಾನ ಬದಲಿಸಿ ಶುಕ್ರವಾರ ಸ್ಕಾಟ್ಲೆಂಡ್, ಶನಿವಾರ ಮಧ್ಯಾಹ್ನ ಲೀಗ್ ಪಂದ್ಯ. ಮ್ಯಾನೇಜರ್ ಆತನನ್ನು ಹೊರಗೆ ಕೂರಿಸುತ್ತಿದ್ದರು, ಬದಲಿಗೆ ಬಂದವನು ಚೆನ್ನಾಗಿ ಆಡಿದರೆ ಮುಂದಿನ ವಾರವೂ ಅವನೇ. ದೇಶಕ್ಕೆ ಆಡಿದ ಪ್ರತಿ ಸಲವೂ ಕ್ಲಬ್ಬಿನ ಜಾಗವನ್ನು ಒತ್ತೆ ಇಟ್ಟಂತೆ. ಯುರೋಪಿನಲ್ಲಿದ್ದ ಕೆನಡಾದ ಆಟಗಾರರಿಗೆಲ್ಲ ಇದು ಗೊತ್ತಿದ್ದ ಕಷ್ಟ. ಡಿ. ಸ್ನೇಹಪಂದ್ಯಗಳನ್ನು ಬಿಟ್ಟು ಅರ್ಹತಾ ಪಂದ್ಯಗಳಿಗೆ ಮಾತ್ರ ಹೋಗುವುದೆಂದು ಎರಡೂ ಕಡೆ ಮೊದಲೇ ಹೇಳಿದ. ಜಗಳ ಕಡಿಮೆಯಾಯಿತು, ಕ್ಯಾಪ್‌ಗಳೂ (ದೇಶದ ಪರ ಆಡಿದ ಪಂದ್ಯಗಳು) ಕಡಿಮೆಯಾದವು.

ಊರಿಗೆ ಮರಳಿದ ಲೆಕ್ಕ

2007ರಲ್ಲಿ ಟೊರಾಂಟೊ ಎಫ್‌ಸಿ ಮೇಜರ್ ಲೀಗ್ ಸಾಕರ್ ಸೇರಿದಾಗ ಯುರೋಪಿನಲ್ಲಿದ್ದ ಅನೇಕ ಕೆನಡಿಯನ್ನರ ಕಣ್ಣು ಮನೆಯ ಕಡೆ ತಿರುಗಿತು. ಡಿ.ಯದ್ದೂ ಸಹ. ಆದರೆ ಆ ಲೀಗ್‌ನ ರಚನೆಯನ್ನು ಆತ ಯುರೋಪಿನ ಕಣ್ಣಿನಿಂದಲೇ ನೋಡಿದ.

ಅಲ್ಲಿ ಕರಾರು ಕ್ಲಬ್ಬಿನ ಜೊತೆಗಲ್ಲ, ಲೀಗ್‌ನ ಜೊತೆ. ಎರಡು ಕ್ಲಬ್‌ಗಳು ಬೆಲೆ ಏರಿಸಿ ಕರೆಯುವುದು ಇರಲಿಲ್ಲ. ಮೇಲಾಗಿ ಅಮೆರಿಕದ ಕ್ಲಬ್‌ನಲ್ಲಿ ಕೆನಡಾದವನು ವಿದೇಶಿಯರಿಗೆಂದು ಇದ್ದ ಸೀಮಿತ ಜಾಗಗಳಲ್ಲೊಂದನ್ನು ತುಂಬುತ್ತಿದ್ದ. ಇದು ಸಡಿಲವಾದದ್ದು 2017ರಲ್ಲಿ. ವಿದೇಶಿ ಜಾಗ ಖರ್ಚುಮಾಡಿ ಮಧ್ಯಮ ದರ್ಜೆಯ ಲೆಫ್ಟ್ ಬ್ಯಾಕ್‌ನನ್ನು ಯಾವ ಅಮೆರಿಕನ್ ಕ್ಲಬ್ಬೂ ತರುವುದಿಲ್ಲ. ಹೀಗಾಗಿ ಡಿ.ಗೆ ಇದ್ದ ಗಿರಾಕಿ ಒಬ್ಬನೇ, ಆ ಗಿರಾಕಿಗೂ ಇದು ಗೊತ್ತಿತ್ತು. ಬೆಳೆಯುವ ಆಟಗಾರರಿಗೆ ಆಗ ಇದ್ದ ಕನಿಷ್ಠ ಸಂಬಳ ವರ್ಷಕ್ಕೆ 12,900 ಅಮೆರಿಕನ್ ಡಾಲರ್, ಹಿರಿಯ ಪಟ್ಟಿಯವರಿಗೆ 30,000. ಡಿ.ಯದ್ದು ಎರಡನೆಯದಕ್ಕಿಂತ ಮೇಲಿತ್ತು, ಆದರೆ ಸ್ಕಾಟ್ಲೆಂಡಿನ ಸಂಬಳಕ್ಕಿಂತ ಕಡಿಮೆ.

ಸಂಬಳ ಅಮೆರಿಕದ ಡಾಲರ್‌ನಲ್ಲಿ, ಬಾಡಿಗೆ ಕೆನಡಾದ ಡಾಲರ್‌ನಲ್ಲಿ. 2007ರ ಆರಂಭದಲ್ಲಿ 1,000 ಅಮೆರಿಕನ್ ಡಾಲರ್ ಬದಲಿಸಿದರೆ ಸುಮಾರು 1,170 ಕೆನಡಾ ಡಾಲರ್ ಬರುತ್ತಿತ್ತು. ನವೆಂಬರ್ ಮೊದಲ ವಾರದಲ್ಲಿ ಸುಮಾರು 920. ಕರಾರಿನಲ್ಲಿ ಒಂದು ಅಕ್ಷರ ಬದಲಾಗದೆ ಆದಾಯದ ಐದನೇ ಒಂದು ಭಾಗ ಕರಗಿತು.

ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಕರಾರು ಒಂದು ವರ್ಷದ್ದು, ಜೊತೆಗೆ ಲೀಗ್ ತನ್ನಿಷ್ಟದಂತೆ ಒಂದೊಂದೇ ವರ್ಷ ಮುಂದುವರಿಸಬಹುದಾದ ಆಯ್ಕೆಗಳು. ಡಿ. ಅದನ್ನು ನಾಲ್ಕು ವರ್ಷದ ಕರಾರು ಎಂದೇ ಮನೆಯವರಿಗೆ ಹೇಳಿದ್ದ. ಆಯ್ಕೆ ಇದ್ದದ್ದು ಲೀಗ್‌ನ ಕೈಯಲ್ಲಿ ಮಾತ್ರ. ಇಷ್ಟು ಸಾಲದೆಂಬಂತೆ ಅರೆ ಖಾತರಿಯ ಕರಾರುಗಳಿಗೆ ಜುಲೈ 1 ಎಂಬ ಗಡುವಿತ್ತು. ಆ ದಿನ ದಾಟಿ ಪಟ್ಟಿಯಲ್ಲಿದ್ದರೆ ಋತುವಿನ ಉಳಿದ ಸಂಬಳ ಖಾತ್ರಿ, ಅದಕ್ಕೂ ಮುಂಚೆ ಕೈಬಿಟ್ಟರೆ ಅಲ್ಲಿಗೇ ಮುಗಿಯಿತು. ಎರಡನೇ ಋತುವಿನ ಜೂನ್ ಕೊನೆಯ ವಾರ ಡಿ.ಯನ್ನು ಕೈಬಿಟ್ಟರು. ಆಟ ಕೆಟ್ಟಿರಲಿಲ್ಲ. ಅದೇ ಜಾಗಕ್ಕೆ ಇನ್ನೂ ಕಡಿಮೆ ಸಂಬಳದ ಹುಡುಗ ಇದ್ದ, ಜುಲೈ 1 ಹತ್ತಿರ ಬಂದಿತ್ತು. ಇಪ್ಪತ್ತನಾಲ್ಕು ದಾಟಿ ಲೀಗ್‌ನಲ್ಲಿ ಮೂರು ವರ್ಷ ಕಳೆದವರಿಗೆ ಖಾತರಿ ಸಿಕ್ಕಿದ್ದು 2010ರ ಸಾಮೂಹಿಕ ಒಪ್ಪಂದದಿಂದ.

ಗಡುವಿಗೆ ಮುನ್ನ ಮೇ ತಿಂಗಳಲ್ಲಿ ಆತನಿಗೆ ಎರಡನೇ ದರ್ಜೆಯ ಕೆನಡಾದ ಕ್ಲಬ್ಬೊಂದರಿಂದ ಬರುತ್ತೀಯಾ ಎಂಬ ಕೇಳಿಕೆ ಬಂದಿತ್ತು. ಆಗಲೇ ಮಾತಾಡಿದ್ದರೆ ಎರಡು ಋತುವಿನ ಕರಾರು ಸಿಗುತ್ತಿತ್ತು. ಜುಲೈನಲ್ಲಿ ಅದೇ ಕ್ಲಬ್ ಕೊಟ್ಟದ್ದು ಅಕ್ಟೋಬರ್‌ವರೆಗಿನ ಕರಾರು.

ಮೊಣಕಾಲು

ಸೆಪ್ಟೆಂಬರ್‌ನ ಪಂದ್ಯವೊಂದರಲ್ಲಿ, ಯಾರೂ ತಾಗದೆ, ಓಟದಲ್ಲಿ ದಿಕ್ಕು ಬದಲಿಸುವಾಗ ಎಡ ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜು) ಹರಿಯಿತು. ಜೊತೆಗೆ ಒಳಗಿನ ಮೃದ್ವಸ್ಥಿಗೂ ಪೆಟ್ಟು. ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹಿಂದಿನ ಸ್ನಾಯುರಜ್ಜುವಿನ ತುಂಡನ್ನು ಅಸ್ಥಿರಜ್ಜುವಿನ ಜಾಗಕ್ಕೆ ಕಸಿ ಮಾಡಿದರು. ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು, ಕರಾರಿಗೆ ಉಳಿದಿದ್ದದ್ದು ಒಂದೂವರೆ ತಿಂಗಳು.

ಒಂಟಾರಿಯೊದ ಆರೋಗ್ಯ ವಿಮೆ ಶಸ್ತ್ರಚಿಕಿತ್ಸೆಯ ಖರ್ಚು ಭರಿಸುತ್ತದೆ. ಆದರೆ 2005ರಿಂದ ಆಸ್ಪತ್ರೆಯ ಹೊರಗಿನ ಫಿಸಿಯೋಥೆರಪಿ ಹೆಚ್ಚಿನ ವಯಸ್ಕರಿಗೆ ಸ್ವಂತ ಖರ್ಚು. ಎಸಿಎಲ್‌ನಲ್ಲಿ ಶಸ್ತ್ರಚಿಕಿತ್ಸೆ ಅರ್ಧ ಕೆಲಸ ಮಾತ್ರ, ಉಳಿದರ್ಧ ತಿಂಗಳುಗಟ್ಟಲೆಯ ವ್ಯಾಯಾಮ. ಡಿ. ವಾರಕ್ಕೆ ಮೂರರ ಬದಲು ಒಂದು ದಿನ ಮಾತ್ರ ಫಿಸಿಯೋ ಬಳಿ ಹೋದ, ಉಳಿದದ್ದನ್ನು ಮನೆಯಲ್ಲಿ ಮಾಡಿಕೊಂಡ. ಹತ್ತನೇ ತಿಂಗಳಿಗೆ ಓಡಲು ಶುರುಮಾಡಿದ. ನೇರ ಓಟಕ್ಕೆ ತೊಂದರೆಯಿರಲಿಲ್ಲ, ಎರಡು ದಿನ ಬೆನ್ನುಬೆನ್ನಿಗೆ ತರಬೇತಿ ಮಾಡಿದರೆ ಮಾತ್ರ ಮೊಣಕಾಲು ಊದಿಕೊಳ್ಳುತ್ತಿತ್ತು. ಅದಕ್ಕೆ ಕಾರಣ ಕಸಿಯಲ್ಲ, ಮೃದ್ವಸ್ಥಿ. ಎರಡು ಟ್ರಯಲ್‌ಗಳಲ್ಲಿ ಮೊದಲ ದಿನ ಎಲ್ಲರೂ ಮೆಚ್ಚಿದರು, ಮೂರನೇ ದಿನ ಆತ ಮೈದಾನಕ್ಕೇ ಇಳಿಯಲಾಗಲಿಲ್ಲ. ಮೂವತ್ತು ತುಂಬುವ ಮೊದಲೇ ಆಟ ಬಿಟ್ಟ.

ಕರಾರು ನಡೆಯುತ್ತಿರುವಾಗ ಆದ ಗಾಯಕ್ಕೆ ಕರಾರು ಮುಗಿದ ಮೇಲೂ ಚಿಕಿತ್ಸೆ ಮತ್ತು ಪುನಶ್ಚೇತನದ ಖರ್ಚು ಕ್ಲಬ್ ಭರಿಸಬೇಕು ಎಂಬ ಒಂದು ಸಾಲನ್ನು ಜುಲೈನಲ್ಲೇ ಕೇಳಬಹುದಿತ್ತು. ಸಂಬಳದ ಬಗ್ಗೆ ನಾಲ್ಕು ದಿನ ಚೌಕಾಸಿ ನಡೆದಿತ್ತು, ಈ ಸಾಲಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ

ಸ್ಕಾಟ್ಲೆಂಡಿನಲ್ಲಿದ್ದಾಗ, ಸಂಬಳ ನಿಂತ ಆ ಚಳಿಗಾಲದಲ್ಲೇ, ಡಿ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಬಿ ದರ್ಜೆಯ ಕೋಚ್ ಪರವಾನಗಿಯ ತರಬೇತಿ ಮುಗಿಸಿದ್ದ. ಆಗ ಹೊತ್ತು ಕಳೆಯಲು ಮಾಡಿದ ಕೆಲಸ ಈಗ ಅನ್ನ ಕೊಟ್ಟಿತು. ಟೊರಾಂಟೊ ಸುತ್ತಲಿನ ಅಕಾಡೆಮಿಯೊಂದರಲ್ಲಿ ಸಂಜೆಯ ಕೆಲಸ ಸಿಕ್ಕಿತು. 2014ರಲ್ಲಿ ಲೀಗ್ 1 ಒಂಟಾರಿಯೊ ಶುರುವಾದಾಗ ಪೂರ್ಣಾವಧಿಯ ಕೋಚ್ ಹುದ್ದೆಯೂ ಬಂತು. 2019ರ ಏಪ್ರಿಲ್ 27ರಂದು ಹ್ಯಾಮಿಲ್ಟನ್‌ನಲ್ಲಿ ಕೆನಡಿಯನ್ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ ನಡೆಯಿತು. 21ರೊಳಗಿನ ಕೆನಡಾದ ಆಟಗಾರರಿಗೆ ಪ್ರತಿ ತಂಡ ಋತುವಿಗೆ ಕನಿಷ್ಠ 1,000 ನಿಮಿಷ ಕೊಡಬೇಕೆಂಬ ನಿಯಮ ಮೊದಲ ವರ್ಷವೇ ಬಂತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಅರ್ಹತೆ ಕಳೆದುಕೊಳ್ಳದೆ ಬೇಸಿಗೆಯಲ್ಲಿ ಈ ಲೀಗ್ ಆಡುವ ಕರಾರೂ ಇದೆ. ಡಿ.ಯ ಹದಿನೆಂಟರಲ್ಲಿ ಎರಡೇ ಇದ್ದ ದಾರಿಗಳು ಈಗಿನ ಹುಡುಗನಿಗೆ ಮೂರು ನಾಲ್ಕಾಗಿವೆ.

ಈ ಪ್ರಕರಣದಲ್ಲಿ ಆಟದ ತಪ್ಪಿನಿಂದ ಕೈತಪ್ಪಿದ್ದು ಬಹಳ ಕಡಿಮೆ. ಆಟದ ಬಗ್ಗೆ ಕೈಗೊಂಡ ದೊಡ್ಡ ನಿರ್ಧಾರ, ಅಂದರೆ ಜಾಗ ಬದಲಿಸಿದ್ದು, ಫಲಿಸಿತು. ನಷ್ಟವಾದ ಕಡೆಯಲ್ಲೆಲ್ಲ ತಾರೀಕು ಇದೆ: ವೀಸಾದ ಸೆಪ್ಟೆಂಬರ್, ಗಡುವಿನ ಜುಲೈ 1, ಕರಾರು ಮುಗಿಯುವ ಅಕ್ಟೋಬರ್. ಟೊರಾಂಟೊ ಬಳಿಯ ಬ್ರಾಂಪ್ಟನ್, ಮಿಸಿಸಾಗಾಗಳಲ್ಲಿ ಮಕ್ಕಳನ್ನು ರೆಪ್ ತಂಡಕ್ಕೆ ಸೇರಿಸಿರುವ ಕನ್ನಡದ ಮನೆಗಳಿಗೆ ಒಂದು ಮಾತು. ವಂಶಮೂಲದ ವೀಸಾ ಅಂಥ ಮಕ್ಕಳಲ್ಲಿ ಬಹುತೇಕರಿಗೆ ಸಿಗದು. ಭಾರತಕ್ಕೆ ಆಡಬೇಕೆಂದರೆ ಕೆನಡಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆಯಬೇಕು, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಸಾಕಾಗುವುದಿಲ್ಲ. ಯುರೋಪಿನ ಟ್ರಯಲ್‌ಗೆ ಹಣ ಕಟ್ಟಿಸಿಕೊಳ್ಳುವ ಮಧ್ಯವರ್ತಿ ಈ ಎರಡನ್ನೂ ಹೇಳುವುದಿಲ್ಲ. 18 ತುಂಬುವ ಮೊದಲು ಅಂತರರಾಷ್ಟ್ರೀಯ ವರ್ಗಾವಣೆಗೆ ಕೆಲವೇ ವಿನಾಯಿತಿಗಳು ಎಂಬುದನ್ನೂ ಹೇಳುವುದಿಲ್ಲ. ಏಜೆಂಟನ ಜೊತೆಗಿನ ಒಪ್ಪಂದ ಎರಡು ವರ್ಷಕ್ಕಿಂತ ಹೆಚ್ಚಿಗೆ ಇರುವಂತಿಲ್ಲ. ಐದು ವರ್ಷದ ಕಾಗದ ಮುಂದಿಟ್ಟವನ ಜೊತೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಡಿ. ಬೆಳೆದ ಚಿಕ್ಕ ಕ್ಲಬ್ಬಿಗೆ ಆತನಿಂದ ಒಂದು ಕಾಸೂ ಬರಲಿಲ್ಲ. ವರ್ಗಾವಣೆ ಶುಲ್ಕದಲ್ಲಿ ಶೇ. 5ನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂಬ ಫಿಫಾ ನಿಯಮವಿದೆ: 12ರಿಂದ 15ರವರೆಗಿನ ಪ್ರತಿ ಋತುವಿಗೆ ಶುಲ್ಕದ ಶೇ. 0.25, 16ರಿಂದ 23ರವರೆಗೆ ಶೇ. 0.5. ಆದರೆ ಡಿ. ಹೋದಲ್ಲೆಲ್ಲ ಶುಲ್ಕವಿಲ್ಲದೆ ಹೋದ, ಹಂಚಲು ಏನೂ ಇರಲಿಲ್ಲ. ಇನ್ನೊಂದು ಹಕ್ಕು, ಅಂದರೆ ಬೆಳೆಸಿದ ಕ್ಲಬ್ಬಿಗೆ ಹೊಸ ಕ್ಲಬ್ ಕೊಡಬೇಕಾದ ತರಬೇತಿ ಪರಿಹಾರ, ಶುಲ್ಕವಿಲ್ಲದಿದ್ದರೂ ಮೊದಲ ವೃತ್ತಿಪರ ನೋಂದಣಿಗೆ ಸಲ್ಲುತ್ತದೆ. ಊರಿನ ಕ್ಲಬ್ಬಿಗೆ ಅದು ಗೊತ್ತಿರಲಿಲ್ಲ, ಎರಡು ವರ್ಷದೊಳಗೆ ಕೇಳಬೇಕಿದ್ದದ್ದನ್ನು ಕೇಳಲಿಲ್ಲ. ಕೇಳಿದ್ದರೆ ಕೈ ಬಿಗಿಯಾಗಿದ್ದ ಆ ಸ್ಕಾಟಿಷ್ ಕ್ಲಬ್ ಹುಡುಗನನ್ನೇ ಬೇಡವೆನ್ನುತ್ತಿತ್ತೇನೋ. ಈ ಇಕ್ಕಟ್ಟು ಚಿಕ್ಕ ಕ್ಲಬ್‌ಗಳಿಗೆ ಇಂದಿಗೂ ಇದೆ. ಈಗ ಡಿ. ಕೆಲಸ ಮಾಡುವ ಅಕಾಡೆಮಿಯಲ್ಲಿ ಪ್ರತಿ ಹುಡುಗನ ಹೆಸರಿನಲ್ಲಿ ಒಂದು ಕಡತವಿದೆ: ಹನ್ನೆರಡನೇ ವಯಸ್ಸಿನಿಂದ ಯಾವ ಋತುವಿನಲ್ಲಿ ಯಾವ ಕ್ಲಬ್ಬಿನಲ್ಲಿ ನೋಂದಣಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಹವ್ಯಾಸಿಯಾಗಿಯೋ ವೃತ್ತಿಪರನಾಗಿಯೋ. ಬೇರೆ ಊರಿನ ಕ್ಲಬ್‌ನಿಂದ ಬಂದ ಹುಡುಗನ ಹಳೆಯ ನೋಂದಣಿ ಪತ್ರ ತರಿಸಿಕೊಳ್ಳುವವರೆಗೆ ಆ ಕಡತಕ್ಕೆ ಸಹಿ ಬೀಳುವುದಿಲ್ಲ.